ಕೇಸ್ ನಂಬರ್ ಹೇಳು ಸಾಮಿ

ಜುಲೈ 2, 2025, ಬುಧವಾರ

ಎರಡು ಕೊಡ ತುಂಬುವಷ್ಟರಲ್ಲಿ ನಲ್ಲಿ ನಿಂತಿತು. ಧರಣಿ ಮೊದಲೇ ಬಂದು ಹಿಡಿದುಕೊಂಡು ಹೋಗಿದ್ದಳು. ಪಕ್ಕದ ಮನೆಯವಳು, ಇವರ ಚಿಕ್ಕಪ್ಪನ ಮಗ ಶಕ್ತಿವೇಲನ ಹೆಂಡತಿ. ನನಗೆ ಓರಗಿತ್ತಿ ಆಗಬೇಕು. ಮಾತಿಲ್ಲ, ಕತೆಯಿಲ್ಲ. ಎರಡು ಮನೆಯ ನಡುವಿನ ಓಣಿ ಯಾರದೆಂದು ಕೋರ್ಟಿನಲ್ಲಿ ಕೇಸ್. ಹಾಕಿದಾಗ ನಮ್ಮ ಮಗಳು ಗೋಕಿಲಾ ತೊಟ್ಟಿಲಲ್ಲಿದ್ದಳು, ಈಗ ಕಾಲೇಜು ಮುಗಿಸುತ್ತಿದ್ದಾಳೆ. ಕೇಸ್ ಇನ್ನೂ ಅಂಬೆಗಾಲಿಡುತ್ತಿದೆ. ತೀರ್ಪಾಗುವವರೆಗೆ ಓಣಿಯಲ್ಲಿ ಯಾರೂ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲು, ಚಾಚುವಂತಿಲ್ಲ. ಹೊಸ ನೂಲು ಚಾಚಿ ಗಂಜಿ ಹಚ್ಚಬೇಕೆಂದರೆ ಇಬ್ಬರೂ ಊರಾಚೆ ಬಯಲಿಗೆ ಹೊರಬೇಕು. ನಮ್ಮ ಕರ್ಮ.

ಆದರೂ ಇವತ್ತು ಖುಷಿ. ಬ್ಯಾಂಕಿನಲ್ಲಿ ನಲವತ್ತು ಸಾವಿರ ಆಯಿತು! ಇಷ್ಟು ವರ್ಷ ಧಣಿ ಮುದಲಾಳಿ ಕೊಟ್ಟ ರೇಷ್ಮೆ, ಮುದಲಾಳಿ ಹೇಳಿದ ಬಣ್ಣ, ನಮಗೆ ಕೂಲಿ. ಈ ಸಲ ನಮ್ಮದೇ ಹಾಸು, ನಮ್ಮದೇ ಸೀರೆ. ಬಣ್ಣ ಆರಿಸಿಯಾಯಿತು — ಮಾವಿನೆಲೆ ಹಸಿರು, ಅರಿಸಿನದ ಅಂಚು. ಆಡಿ ತಿಂಗಳ ಜೋರು ಗಾಳಿ ಏಳುವ ಮೊದಲು ನೂಲು ಚಾಚಿ ಮುಗಿಸಬೇಕು.

ಅತ್ತೆ ಕೇಳಿದರು, ಏನು ಅಷ್ಟೊಂದು ಬರೀತಿ ಅಂತ. ಹಾಲಿನ ಲೆಕ್ಕ ಅಂದೆ. ತಮಿಳು ಸೀಮೆಯ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬಾರದು. ಕೊಳ್ಳೇಗಾಲದ ನನ್ನ ಸ್ಕೂಲಿಗೆ ದೊಡ್ಡ ನಮಸ್ಕಾರ.

ಜುಲೈ 4, ಶುಕ್ರವಾರ

ಮಧ್ಯಾಹ್ನದಿಂದ ಮಗ್ಗದ ಸದ್ದಿಲ್ಲ. ಹೋಗಿ ನೋಡಿದರೆ ಇವರು ಹಿತ್ತಲಲ್ಲಿ, ಫೋನ್ ಕಿವಿಗೆ. ಮೊಣಕಾಲಿಗೆ ಎತ್ತಿ ಕಟ್ಟಿದ್ದ ಪಂಚೆ ಇಳಿಸಿ ತಲೆ ತಗ್ಗಿಸಿ ನಿಂತಿದ್ದಾರೆ.

"ಯಾರುಂಗ ಅದು?"

"ಕಸ್ಟಮರ್ ಕೇರ್."

ಕಸ್ಟಮರ್ ಕೇರ್‌ಗೆ ಪಂಚೆ ಇಳಿಸಿ ಮರ್ಯಾದೆ ಕೊಡುವ ಗಂಡಸನ್ನು ಇವತ್ತೇ ಕಂಡದ್ದು. ರಾತ್ರಿ ಊಟಕ್ಕೆ ಕೂತರು, ಅನ್ನ ಕಲಸಿದರು, ಎದ್ದರು. ನನಗೆ ಸರಿಕಾಣಲಿಲ್ಲ.

ಜುಲೈ 7, ಸೋಮವಾರ

ಎರಡು ದಿನ ಬರೆಯಲು ಮನಸ್ಸೇ ಬರಲಿಲ್ಲ. ಇವರ ಮುಖ ನೋಡಿ ಏನೇನೋ ಯೋಚನೆ. ಕಾಯಿಲೆಯೋ... ಇನ್ನೇನೋ...

ಇವತ್ತು ಬಾಯಿಬಿಟ್ಟರು. ಎಟಿಎಂ ಕಾರ್ಡ್ ಕೇಳಿದರು. ಅದು ನನ್ನ ಅಕ್ಕಿ ಡಬ್ಬದಲ್ಲಿರುತ್ತದೆ. ಯಾಕೆ ಅಂದೆ. ನಲವತ್ತೂ ತೆಗೀಬೇಕು ಅಂದರು. ಯಾಕೆ ಹೇಳದೆ ಕೊಡಲಾರೆ ಅಂದೆ. ನೆಲದ ಮೇಲೆ ಕುಕ್ಕರಿಸಿ ಅತ್ತೇಬಿಟ್ಟರು. ಮದುವೆಯಾದ ಮೇಲೆ ಇವರು ಅತ್ತದ್ದು ಮಾವ ಸತ್ತಾಗ ಮಾತ್ರ.

"ಶಕ್ತಿವೇಲ್ ಫೋನ್‌ನಾಗೆ ಸಾಲ ವಾಂಗಿದಾನಂತೆ ಮಾ. ಜಾಮೀನಿಗೆ ನನ್ನ ಪೇರ್ ಕೊಟ್ಟಿದಾನಂತೆ. ಅವ ಕಟ್ಟಲಿಲ್ಲ, ಇವಾಗ ಕೇಸ್ ನನ್ನ ಮೇಲೆ."

"ಯಾರು ಹೇಳಿದ್ದು?"

"ವಕೀಲ್. ಮೋಹನ್ ರಾಜ್ ಅಂತ. ವಾಟ್ಸಾಪ್‌ನಾಗೆ ಕರಿ ಕೋಟ್ ಹಾಕ್ಕೊಂಡಿರೋ ಫೋಟೋ ಇದೆ ನೋಡು. ನಾಳೆ ಸಂಜೆ ಐದು ಮಣಿಗೆ ತೀರ್ಪಂತೆ. ತಕ್ಷಣ ಪೊಲೀಸ್ ಬಂದು ಮಗ್ಗ ಜಪ್ತಿ ಮಾಡ್ತಾರಂತೆ. ನಲವತ್ತು ಕಟ್ಟಿದ್ರೆ ನನ್ನ ಪೇರ್ ತೆಗೀತಾರಂತೆ."

"ನಲವತ್ತು ಅಂತ ಅವನಿಗೆ ಹೆಂಗೆ ಗೊತ್ತು?"

"ಬ್ಯಾಂಕ್‌ನಾಗೆ ಎಷ್ಟಿದೆ ಅಂತ ಕೇಳಿದ್ರು. ಹೇಳ್ದೆ."

ಪುಣ್ಯಾತ್ಮ! ಇದ್ದದ್ದನ್ನು ಇದ್ದಹಾಗೇ ಹೇಳಿದ್ದಾರೆ. ಇದ್ದಷ್ಟೇ ಸಾಲವಂತೆ.

ನಿಜ ಹೇಳಬೇಕೆಂದರೆ ಮೊದಲು ನನಗೆ ಉರಿದದ್ದು ಶಕ್ತಿವೇಲನ ಮೇಲೆ. ಓಣಿ ನುಂಗಿದ್ದು ಸಾಲದೆ ನಮ್ಮ ಹಾಸನ್ನೂ ನುಂಗಿದನಲ್ಲ ಅಂತ. ಆಮೇಲೆ ಪಾತ್ರೆ ತೊಳೆಯುತ್ತಾ 'ನಾಳೆ ತೀರ್ಪು' ಎಂಬ ಮಾತು ತಲೆಯಲ್ಲಿ ಸುತ್ತತೊಡಗಿತು.

ಕೋರ್ಟ್ ಎಂದರೆ ಈ ಮನೆಗೆ ನೆಂಟರ ಮನೆ ಇದ್ದಹಾಗೆ. ಕೋರ್ಟಿನ ಕಾಗದ ತರುವ ಅಮೀನ ಬಂದದ್ದು ಸೈಕಲ್ಲಿನಲ್ಲಿ. ಬಾಗಿಲಲ್ಲಿ ಹೆಸರು ಕೂಗಿದ, ಕಾಗದ ಕೊಟ್ಟ, ಸಹಿ ಹಾಕಿಸಿಕೊಂಡ, ಮಜ್ಜಿಗೆ ಕುಡಿದು ಹೋದ. ಆಮೇಲೆ ವಾಯಿದೆ. ವಾಯಿದೆಯ ಮೇಲೆ ವಾಯಿದೆ. ಜಡ್ಜ್ ರಜೆ, ವಕೀಲರ ಮಾವ ತೀರಿಕೊಂಡರು, ಫೈಲ್ ಸಿಗಲಿಲ್ಲ... ಇಪ್ಪತ್ತು ವರ್ಷದಲ್ಲಿ ಕೋರ್ಟಿನಿಂದ ಒಬ್ಬರೂ ಫೋನ್ ಮಾಡಿ ಬೆದರಿಸಿಲ್ಲ. ಈ ಫೋನ್ ವಕೀಲನ ಕೇಸ್ ಮಾತ್ರ ಶುಕ್ರವಾರ ಹುಟ್ಟಿ ಮಂಗಳವಾರ ತೀರ್ಪು! ಅದು ಯಾವ ಕೋರ್ಟಪ್ಪಾ, ನಮ್ಮದನ್ನೂ ಅಲ್ಲಿಗೇ ವರ್ಗ ಮಾಡಿಸೋಣ.

ಇವರನ್ನು ಎಬ್ಬಿಸಿ ಮತ್ತೆ ಕೇಳಿದೆ. "ಶಕ್ತಿವೇಲನ್ನ ಒಂದು ಮಾತು ಕೇಳಿದ್ರಾ?"

"ಅವನಿಗೆ ಹೇಳಲೇಕೂಡದು ಅಂದಿದಾರೆ. ತಿಳಿದ್ರೆ ಓಡಿಹೋಯ್ತಾನಂತೆ."

ಸಾಲ ಮಾಡಿದವನಿಗೇ ಗೊತ್ತಾಗಬಾರದ ಸಾಲ. ಇಲ್ಲೇ ಏನೋ ಇದೆ. ಕಾರ್ಡ್ ಕೊಡಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಮಲಗುತ್ತೇನೆ. ಹೆದರಿಕೆ ನನಗೂ ಇದೆ. ಒಂದು ವೇಳೆ ನಿಜವಾದರೆ ಹಾಸೂ ಇಲ್ಲ, ಮಗ್ಗವೂ ಇಲ್ಲ.

ಜುಲೈ 8, ಮಂಗಳವಾರ, ಮಧ್ಯಾಹ್ನ

ಹೊರಗಿಂದ ಬಂದವಳೇ ಬರೆಯಲು ಕೂತೆ. ಬರುತ್ತಿರುವುದು ಸಿಟ್ಟೋ, ನಗುವೋ.

ಬೆಳಿಗ್ಗೆ ಓಣಿ ದಾಟಿದೆ. ಅತ್ತೆ ಜಗುಲಿಯಿಂದ ಕೂಗಿದರು, "ಏಯ್, ಅಲ್ಲಿ ಕಾಲಿಟ್ರೆ ಕೇಸ್ ಬಿದ್ದೋಯ್ತದೆ!" ಬಿದ್ದರೆ ಎತ್ತಿ ನಿಲ್ಲಿಸೋಣ ಬಿಡಿ ಅಂದೆ. ಧರಣಿ ಬಾಗಿಲಲ್ಲೇ ಸಿಕ್ಕಳು, ಚಪ್ಪಲಿ ಮೆಟ್ಟಿ, ಕೈಯಲ್ಲಿ ಬ್ಯಾಗ್. ಕಣ್ಣು ಬಾತಿದ್ದವು.

"ಏನುಂಗ ನಟರಾಜನ್ ಮನೆಯವ್ರೇ, ಸಾಲ ವಾಂಗಿ ನಮ್ ತಲೆ ಮೇಲೆ ಹಾಕಿ, ಇವಾಗ ವೇಡಿಕ್ಕೆ, ತಮಾಷೆ ನೋಡೋಕೆ ಬಂದ್ರಾ?"

"ಸಾಲ ವಾಂಗಿದ್ದು ನಾವಾ? ನಿನ್ನ ಗಂಡ ಕಣೇ!"

"ನಮ್ಮೋರಾ? ಜಾಮೀನ್ ಅಂತ ನಮ್ ಪೇರ್ ಕೊಟ್ಟಿದ್ದು ಯಾರು? ಹೊಟ್ಟೆ ಉರಿ ತೀರಿತಾ?"

ಸುಮ್ಮನಿರುವ ಜಾತಿ ನಾನಲ್ಲ. ಅವಳ ಒಂದಕ್ಕೆ ನನ್ನದು ಎರಡು. ಬೀದಿಯ ಕಿಟಕಿಗಳೆಲ್ಲ ತೆರೆದವು. ಟೀ ಅಂಗಡಿಯ ಕರುಪ್ಪಸಾಮಿ ಕೂಡ ಬಟ್ಟಲು ಹಿಡಿದೇ ಬಂದು ನಿಂತ.

"ಹಂಗಾದ್ರೆ ವಕೀಲ್ ಸುಳ್ಳು ಹೇಳ್ತಾರಾ? ಮೋಹನ್ ರಾಜ್ ಸಾರ್ ಎಲ್ಲಾ ಹೇಳಿದಾರೆ!"

"ಯಾವ ಮೋಹನ್ ರಾಜ್? ಆ ಮೋಹನ್ ರಾಜ್ ಫೋನ್ ಮಾಡಿದ್ದು ನಮ್ಮನೆಯವ್ರಿಗೆ!"

ಧರಣಿ ಸೊಂಟದಿಂದ ಫೋನ್ ತೆಗೆದಳು, ನಾನು ಇವರ ಫೋನ್ ತರಿಸಿದೆ.

ಅವಳ ಫೋನ್, ಇವರ ಫೋನ್, ಜಗುಲಿಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಅದೇ ನಂಬರ್, ಅದೇ ಕರಿ ಕೋಟ್, ಅದೇ ಮೀಸೆ. ಅವಳಿಗೂ ಅದೇ ಬುದ್ಧಿವಾದ — ನಟರಾಜನ್ ಮನೆಗೆ ಹೇಳಕೂಡದು. ಐದು ಸಾವಿರ ನಿನ್ನೆಯೇ ಕಳಿಸಿದ್ದಾಳೆ. ಬ್ಯಾಗಿನಲ್ಲಿದ್ದದ್ದು ತಾಳಿ ಸರ. ಅಡವಿಡಲು ಹೊರಟಿದ್ದಳು. ನಾನು ಚಹಾ ಕುಡಿದು ನಿಧಾನವಾಗಿ ಬಂದಿದ್ದರೆ ಸರ ಹೋಗಿರುತ್ತಿತ್ತು.

ನಮ್ಮ ಜಗಳದ ವಿಷಯ ಆ ಕಳ್ಳನಿಗೆ ಹೇಗೆ ಗೊತ್ತು? ಗೊತ್ತೇ ಇರಲಾರದು. ಎಲ್ಲೋ ಎರಡು ಹೆಸರು, ಎರಡು ನಂಬರ್ ಒಟ್ಟಿಗೆ ಸಿಕ್ಕಿರಬೇಕು. ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಕೇಳುವುದಿಲ್ಲವಲ್ಲ ನಾವು! ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವುದು ಇದಕ್ಕೇ.

ಬಸ್ಸಿನ ಹಿಂದೆ ಅಂಟಿಸಿದ್ದ, ಫೋನ್ ಮೋಸಕ್ಕೆ ದೂರು ಕೊಡುವ ನಂಬರ್ 1930 ನೆನಪಾಯಿತು. ಅಲ್ಲೇ ಕೂತು ಫೋನ್ ಮಾಡಿ ದೂರು ಬರೆಸಿದೆವು. ಆಮೇಲೆ ಇಬ್ಬರೂ ಸ್ಟೇಷನ್ನಿಗೆ. ಲೇಡಿ ಪೊಲೀಸ್ ಹೇಳಿದಳು, ಸಾಲ ನಿಜವಾಗಿ ಇದ್ದರೂ ಹೀಗೆ ಫೋನಿನಲ್ಲಿ ಹೆದರಿಸಿ ಸಂಜೆಗೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಕಾಗದ ಬರಬೇಕು, ವಿಚಾರಣೆ ಆಗಬೇಕು ಅಂತ. ಇನ್ನೊಂದು ಮಾತನ್ನೂ ಹೇಳಿದಳು: "ಎಲ್ಲರೂ ಮಾನಕ್ಕೆ ಅಂಜಿ ಗುಟ್ಟಾಗಿ ಕಟ್ಟಿಬಿಡ್ತಾರಮ್ಮ. ಹೀಗೆ ಎರಡು ಮನೆಯವರು ಸೇರಿ ಬಂದದ್ದು ಇದೇ ಮೊದಲು."

ಸೇರಿ ಬಂದೆವಂತೆ! ಧರಣಿಯೂ ನಾನೂ ಮುಖ ಮುಖ ನೋಡಿಕೊಂಡೆವು.

ಅದೇ ದಿನ, ಸಂಜೆ 6.30

ಬರೆಯದೆ ಅಡುಗೆಗೆ ಕೈ ಹಾಕಲಾರೆ.

ಐದಕ್ಕೆ ಫೋನ್ ಬಂತು. ಸ್ಪೀಕರ್ ಹಾಕಿ ಜಗುಲಿಯ ನಡುವೆ ಇಟ್ಟೆವು. ಒಂದು ತುದಿಗೆ ಇವರು, ಇನ್ನೊಂದು ತುದಿಗೆ ಶಕ್ತಿವೇಲ್. ಒಬ್ಬರು ರಸ್ತೆ ನೋಡುತ್ತಾರೆ, ಇನ್ನೊಬ್ಬರು ಸೂರು. ಇವರು ಹಲೋ ಎನ್ನುವ ಮೊದಲೇ ಅತ್ತೆ ಕೈ ಚಾಚಿದರು. "ಕೇಸಾ? ಕೇಸ್ ಅಂದ್ರೆ ನಮ್ಗೇ ಕಲಿಸ್ತಾನಾ ಅವ? ಕೊಡು ಇಲ್ಲಿ."

ನಡೆದದ್ದು ತಮಿಳಿನಲ್ಲಿ. ಕನ್ನಡದಲ್ಲಿ ಬರೆದಿಡುತ್ತೇನೆ.

"ಕೇಸ್ ನಂಬರ್ ಹೇಳು ಸಾಮಿ."

"ಅದೆಲ್ಲ ನಿಮಗೆ ತಿಳಿಯೋದಿಲ್ಲ ಅಜ್ಜಿ. ನಟರಾಜನ್‌ಗೆ ಕೊಡಿ."

"ನಮ್ಮ ಕೇಸ್ ನಂಬರ್ ನನಗೆ ಬಾಯಿಪಾಠ. ನಿನ್ನ ಕೇಸ್ ನಂಬರ್ ನಿನಗೇ ಗೊತ್ತಿಲ್ವಾ? ಹೋಗಲಿ, ಎಷ್ಟನೇ ಹಾಲ್? ಜಡ್ಜ್ ಗಂಡಸಾ ಹೆಂಗಸಾ?"

"ಅಜ್ಜಿ, ಪೊಲೀಸ್ ಜೀಪ್ ಹೊರಟಾಯ್ತು!"

"ಜೀಪಾ! ಇಪ್ಪತ್ತು ವರ್ಷ ಕೇಸ್ ನಡೆಸಿದೀನಿ ಸಾಮಿ, ನಮಗೆ ಬಂದದ್ದು ಒಂದು ಸೈಕಲ್. ನಿನ್ನ ಅಮೀನ ಎಲ್ಲಿ? ಮಜ್ಜಿಗೆ ಮಾಡಿಟ್ಟಿದೀನಿ, ಹುಳಿಯಾಗ್ತಾ ಇದೆ."

ಬೀದಿ ಪೂರ್ತಿ ನಗು. ಅವನಿಗೂ ಕೇಳಿಸಿರಬೇಕು. ದನಿ ಇಳಿಯಿತು. ಇಪ್ಪತ್ತು ಸಾವಿರ ಕಟ್ಟಿ ಸಾಕು ಅಂದ. ಅತ್ತೆ ಅಡಿಕೆ ಕತ್ತರಿಸಿದರು. ಹತ್ತು ಅಂದ. ಸಂತೆಯಲ್ಲಿ ಕತ್ತಲಾದ ಮೇಲೆ ಸೋರೆಕಾಯಿ ಬೆಲೆಯೂ ಇಷ್ಟು ಬೇಗ ಇಳಿಯದು.

"ಈ ಓಣಿ ಕೇಸ್ ಇದೆ, ಅದು ಮೊದಲು ಮುಗೀಲಿ. ನೀನು ಹಿಂದೆ ಕ್ಯೂ ನಿಲ್ಲು."

"ಯಾವಾಗ ಮುಗಿಯುತ್ತೆ?" ಎಂದ ಆ ಮೂರ್ಖ. ಬಾಯಿತಪ್ಪಿ ಕೇಳಿಬಿಟ್ಟ.

ಸೂರು ನೋಡುತ್ತಿದ್ದ ಶಕ್ತಿವೇಲ್ ಫೋನಿನ ಕಡೆ ಬಾಗಿದ. "ಮುಗಿಯೋದಿಲ್ಲ ಸಾರ್. ಅದಕ್ಕೆ ನಾನೇ ಜಾಮೀನು."

ಮೊದಲು ನಕ್ಕದ್ದು ಇವರು. ಆಮೇಲೆ ಶಕ್ತಿವೇಲ್. ಒಬ್ಬರನ್ನೊಬ್ಬರು ನೋಡಿಕೊಂಡೇ ನಕ್ಕರು, ಇಪ್ಪತ್ತು ವರ್ಷದ ಮೇಲೆ. ಫೋನ್ ಯಾವಾಗ ಕಟ್ಟಾಯಿತೋ ಯಾರೂ ನೋಡಲಿಲ್ಲ. ಮಾಡಿಟ್ಟ ಮಜ್ಜಿಗೆಯನ್ನು ಎಲ್ಲರೂ ಕುಡಿದೆವು. ನಾನು ಸೆರಗಿನ ಗಂಟು ಬಿಚ್ಚಿ ಕಾರ್ಡನ್ನು ಅಕ್ಕಿ ಡಬ್ಬಕ್ಕೆ ಹಾಕಿದೆ. ಗೆದ್ದೆವು ಕಣಪ್ಪಾ. ಗೆದ್ದೆವು!

ಜುಲೈ 9, ಬುಧವಾರ

ಧರಣಿಯ ಐದು ಸಾವಿರ ಯಾವುದೋ ಖಾತೆಯಲ್ಲಿ ತಡೆದಿದ್ದಾರಂತೆ, ಮೆಸೇಜ್ ಬಂದಿದೆ. ಕೈಗೆ ಬಂದಾಗ ಬಂತು.

ಬೆಳಿಗ್ಗೆ ಕರುಪ್ಪಸಾಮಿ ಟೀ ತಂದು ಅತ್ತೆಯ ಮುಂದಿಟ್ಟು ತಲೆ ಕೆರೆದ. ಅವನಿಗೂ ಹೋದ ತಿಂಗಳು ಹೀಗೇ ಫೋನ್. ನಾಚಿಕೆಯಿಂದ ಹೆಂಡತಿಗೂ ಹೇಳದೆ ಕಟ್ಟಿದ್ದಾನೆ. ಮಧ್ಯಾಹ್ನ ಇನ್ನಿಬ್ಬರು ಬಂದರು. ಅತ್ತೆ ಜಗುಲಿಯಲ್ಲಿ ಕಾಲು ನೀಡಿ ಕೂತು ಒಬ್ಬೊಬ್ಬರನ್ನೂ ವಿಚಾರಿಸಿದರು — "ಕಾಗದ ಬಂತಾ? ಗುಟ್ಟಾಗಿಡು ಅಂದ್ನಾ? ಇವತ್ತೇ ಕಟ್ಟು ಅಂದ್ನಾ? ಕಳ್ಳ. ಹೋಗು, 1930ಕ್ಕೆ ಫೋನ್ ಮಾಡು." ಫೀಸು ಎಲೆ ಅಡಿಕೆ. ಸೊಸೆ ಓಣಿ ದಾಟಿದ್ದರಿಂದ ಇದೆಲ್ಲ ಆಯಿತು ಎಂದು ಯಾರಿಗೂ ಹೇಳುತ್ತಿಲ್ಲ. ಇರಲಿ. ಇಲ್ಲಿ ಬರೆದಿದ್ದೇನಲ್ಲ.

ಜುಲೈ 13, ಭಾನುವಾರ

ರೇಷ್ಮೆ ಬಂತು! ಮಾವಿನೆಲೆ ಹಸಿರೇ. ಅಂಗೈಯಲ್ಲಿಟ್ಟು ಎಷ್ಟು ಹೊತ್ತು ನೋಡಿದೆನೋ. ಕೂಲಿಯ ನೂಲನ್ನು ಹೀಗೆ ಯಾವತ್ತೂ ನೋಡಿರಲಿಲ್ಲ.

ಆದರೆ ಗಾಳಿ ಈಗಲೇ ಎದ್ದಿದೆ. ಬಯಲಿನಲ್ಲಿ ಚಾಚಿದರೆ ನೂಲು ಹೆಣೆದುಕೊಂಡು ಹಾಳು. ಸಂಜೆ ಶಕ್ತಿವೇಲ್ ಬಂದು ನಮ್ಮ ಮೆಟ್ಟಿಲ ಕೆಳಗೆ ನಿಂತ.

"ದೊಡ್ಡಮ್ಮ, ಓಣಿನಾಗೆ ಗಾಳಿ ನುಗ್ಗೋದಿಲ್ಲ. ಹಾಸು ಅಲ್ಲೇ ಚಾಚ್ಕೊಳ್ಳಿ."

ಅತ್ತೆ ಎಲೆಗೆ ಸುಣ್ಣ ಹಚ್ಚಿದರು. ಮಡಿಸಿದರು. "ಕೇಸ್ ವಾಪಸ್ ತೆಗೆಯೋದಿಲ್ಲ."

"ತೆಗೀರಿ ಅಂತ ಯಾರು ಹೇಳಿದ್ದು?"

"ಹಂಗಾದ್ರೆ ಸರಿ."

ನಮ್ಮ ವಕೀಲ ಗೋವಿಂದಸಾಮಿಗೆ ಫೋನ್ ಮಾಡಿ ಕೇಳಿದೆವು. ಇಬ್ಬರೂ ಒಪ್ಪಿ ಚಾಚಿಕೊಂಡರೆ ಕೋರ್ಟಿಗೆ ಹೋಗಿ ದೂರುವವರು ಯಾರು ಅಂದರು. ದನಿಯಲ್ಲಿ ಅಂಥ ಸಂತೋಷವೇನೂ ಇರಲಿಲ್ಲ. ಮುಂದಿನ ವಾಯಿದೆಗೆ ಎರಡೂ ಮನೆಯವರು ಒಂದೇ ಬಸ್ಸಿನಲ್ಲಿ ಹೋಗುವುದೆಂದು ಆಗಿದೆ. ಸೀಟು ಬೇರೆ ಬೇರೆ, ಅತ್ತೆಯ ಅಪ್ಪಣೆ.

ಜುಲೈ 15, ಮಂಗಳವಾರ, ಬೆಳಿಗ್ಗೆ

ಗಂಜಿ ಪಾತ್ರೆ ಒಯ್ಯಲು ಒಳಗೆ ಬಂದವಳು ಎರಡು ಸಾಲು ಬರೆಯುತ್ತಿದ್ದೇನೆ. ಓಣಿಯುದ್ದಕ್ಕೂ ಹಸಿರು. ನಮ್ಮ ಬಾಗಿಲಿನಿಂದ ಅವರ ಬಾಗಿಲು ದಾಟಿ ಬೇವಿನ ಮರದವರೆಗೆ. ಈ ತುದಿ ಇವರ ಕೈಯಲ್ಲಿ, ಆ ತುದಿ ಶಕ್ತಿವೇಲನ ಕೈಯಲ್ಲಿ. ಸ್ವಲ್ಪ ಸಡಿಲವಾದರೆ ಸಾಕು, "ಎಳಿ ಅಣ್ಣಾ" ಎಂದು ಕೂಗುತ್ತಾನೆ. ಅಣ್ಣನಂತೆ! ಇವರು ಹಿಂದೆ ಜರುಗಿ ಎಳೆಯುತ್ತಾರೆ. ನನ್ನ ಕಣ್ಣು ತುಂಬಿದ್ದು ಒಲೆಯ ಹೊಗೆಗಲ್ಲ.

ಜಗುಲಿಯ ಮೇಲೆ ಫೋನ್ ಹೊಡೆದುಕೊಳ್ಳುತ್ತಿದೆ. ಗೊತ್ತಿಲ್ಲದ ನಂಬರ್. ಎಲ್ಲರ ಕೈಯಲ್ಲೂ ಗಂಜಿ. ಅತ್ತೆ ಸೆರಗು ಸರಿಮಾಡಿಕೊಂಡು ಹತ್ತಿರ ಸರಿಯುತ್ತಿದ್ದಾರೆ. ಮುಖ ನೋಡಬೇಕು, ಹಬ್ಬದ ಕಳೆ. "ಹಲೋ... ಕೇಸ್ ನಂಬರ್ ಹೇಳು ಸಾಮಿ."

ಧರಣಿ ಬಂದಳು. ನಮ್ಮ ಬಾಗಿಲಲ್ಲೇ, ನಮ್ಮ ಹೊಸಿಲ ಮೇಲೇ ನಿಂತು ಕೂಗುತ್ತಿದ್ದಾಳೆ — "ಅಕ್ಕಾ, ನೂಲು ಒಣಗ್ತಾ ಇದೆ, ಗಂಜಿ ಎಲ್ಲಿ?" ಅಕ್ಕಾ ಅಂದಳು. ಬಂದೆ ಕಣೇ, ಬಂ—