ಸದ್ದು ಮಾಡುವ ಫ್ಯಾನು

ಅಪ್ಪಾ,

ನೀನು ಹೋಗಿ ಎರಡು ತಿಂಗಳಾಯಿತು. ಇವತ್ತು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳೋಣವೆಂದು ಬಿಡಿಭಾಗ ಕೊಳ್ಳಲು ಹೋಗಿದ್ದೆ. ಪ್ರೊಸೆಸರ್, ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಬೇಗ ಆರಿಸಿದೆ. ಫ್ಯಾನಿನ ಮುಂದೆ ನಿಂತುಬಿಟ್ಟೆ.

"ಇದು ತಗೊಳ್ಳಿ ಮೇಡಂ, ತಿರುಗ್ತಿರೋದೇ ಗೊತ್ತಾಗಲ್ಲ," ಎಂದು ಅಂಗಡಿಯವನು ಹಚ್ಚಿ ತೋರಿಸಿದ. ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟೆ. ಕಿವುಡಾದ ಮೇಲೆ ನೀನೂ ಗಿರಣಿಯಲ್ಲಿ ಮಗ್ಗ ಓಡುತ್ತಿದೆಯೇ ಎಂದು ಹೀಗೇ ಮುಟ್ಟಿ ನೋಡುತ್ತಿದ್ದೆಯಂತೆ.

"ಯಾಕೆ, ಜ್ವರ ಬಂದಿದ್ಯಾ ಅದಕ್ಕೆ?" ಎಂದು ನಕ್ಕ.

ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದು ಡಬ್ಬಿಯ ಸದ್ದಡಗಿಸಲು ಇಷ್ಟು ತಲೆ ಓಡಿಸುತ್ತಾರೆ. ನಿನ್ನ ಗಿರಣಿಯಲ್ಲಿ ಮ್ಯಾನೇಜರನ ಕೋಣೆಗೆ ಎರಡು ಪದರ ಗಾಜಿತ್ತು. ಇಪ್ಪತ್ತಾರು ವರ್ಷ ನಿನ್ನ ಕಿವಿ ತಿಂದವರು, ಹತ್ತಿ ಗಿರಣಿಯಲ್ಲಿ, ಕಿವಿಗಿಡಲು ಚೂರು ಹತ್ತಿ ಕೊಡಲಿಲ್ಲ. ಇದನ್ನು ಕಾರ್ಮಿಕರ ಸಭೆ ಸಭೆಯಲ್ಲೂ ಕೂಗಿ ಹೇಳಿದ್ದೇನೆ. ಚಪ್ಪಾಳೆ ಬಿದ್ದಿವೆ.

"ಸದ್ದು ಮಾಡೋ ಫ್ಯಾನ್ ಇದ್ರೆ ಕೊಡಿ," ಎಂದೆ.

"ಏನಂದ್ರಿ?"

ಪಕ್ಕದಲ್ಲಿ ಯಾರೋ ಸ್ಪೀಕರ್ ಪರೀಕ್ಷಿಸುತ್ತಿದ್ದರು. ಮತ್ತೆ ಹೇಳಿದೆ. ಅವನು ಕಿವಿ ಮುಂದೆ ತಂದ. ಮೂರನೇ ಸಲ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ, ಗುರುತು ಪರಿಚಯವಿಲ್ಲದ ಆ ಮನುಷ್ಯನಿಗೆ.

ನೀನು ಒಂದೇ ಒಂದು ಸಲ "ಏನಂದೆ ಮಗಳೇ?" ಎಂದು ಕೇಳಿದರೂ "ಏನಿಲ್ಲ ಬಿಡಪ್ಪ" ಎಂದು ನಾನು ಎದ್ದುಹೋಗುತ್ತಿದ್ದೆ.