ಬಸ್ರಾದ ತಾಲೀಮು

ವೀರವ್ವಾ,

ಶಿಗ್ಗಾವಿ ಟಪಾಲು ಕಚೇರಿಗೆ ಹೊರಟಿದ್ದೇನೆ. ಎಮ್ಮೆಗೆ ನೀರು ಕುಡಿಸು.

ನೀನು ಎಷ್ಟು ಕೇಳಿದರೂ ನಮ್ಮ ಉಳವಪ್ಪನನ್ನು ಪಲ್ಟನ್ನಿನಿಂದ ಬಿಡಿಸಿರೆಂದು ಅರ್ಜಿ ಹಾಕುವುದಿಲ್ಲ. "ನನ್ನ ಮಗನ್ನ ದಿನಾ ಬೆಂಕ್ಯಾಗ ದೂಡಾಕತ್ತಾರ" ಎಂದು ಓಣಿಯಲ್ಲಿ ಅಳಬೇಡ. ಕಡಲಾಚೆಯ ಆ ಬಸ್ರಾದಲ್ಲಿ ಅವನಿಗೆ ಕೊಡುತ್ತಿರುವುದು ಬೆಂಕಿ ಆರಿಸುವ ತಾಲೀಮು. ತಾವೇ ಗುಡಿಸಲಿಗೆ ಬೆಂಕಿ ಹಚ್ಚಿ, ಹೊಗೆಯೊಳಗೆ ತೆವಳುತ್ತಾರೆ. "ನೆಲದ ಹಂತ್ಯಾಕ ಗಾಳಿ ಚಲೋ ಇರ್ತೈತಿ" ಎಂದು ಅವನೇ ಬರೆದಿದ್ದಾನಲ್ಲ!

ನನಗೂ ನಂಬಿಕೆ ಇರಲಿಲ್ಲ. ನಿನ್ನೆ ನೀನು ಕೆರೆಗೆ ಹೋದಾಗ ಬಚ್ಚಲಮನೆಯಲ್ಲಿ ಒಣಮೆಣಸಿನಕಾಯಿ ಸುಟ್ಟು, ಬಾಗಿಲು ಮುಚ್ಚಿ, ತೆವಳಿ ನೋಡಿದೆ. ಮೊಣಕಾಲು ತರಚಿತು, ಕೆಮ್ಮು ಬರಲಿಲ್ಲ. ಎದ್ದು ನಿಂತಾಗ ಮಾತ್ರ ಜೀವ ಹೋದಂತಾಯಿತು. ಹುಡುಗ ಸರಿಯಾಗಿ ಕಲಿತಿದ್ದಾನೆ, ಬದುಕಿ ಬರುತ್ತಾನೆ.

"ನಿಮ್ಮವ್ವ ಅಳೂದು ಬಿಟ್ಟು ಉಣ್ಣಾಕತ್ತಾಳ" ಎಂದು ಅವನಿಗೆ ಬರೆದು ಹಾಕುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ. ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡ.