ಕಾರ್ಡಿನಲ್ಲಿಲ್ಲದ ನವಿಲು

ಮೊಳಕಾಲ್ಮುರು
೧೪ ಡಿಸೆಂಬರ್ ೨೦೨೫

ಜಿಲ್ಲಾ ಮಟ್ಟದ ಸಾವಿರದೈನೂರು ಮೀಟರ್ ಓಟದ ಪ್ರಥಮ ವಿಜೇತೆ, ತಂಗಿ, ನಮ್ಮ ಮನೆಮಾತಿನ ಚೆಲ್ಲಿ, ಪದ್ಮಶ್ರೀಗೆ, ಅಣ್ಣ ನಾಗಾರ್ಜುನ ಎದ್ದು ನಿಂತು ಮಾಡುವ ಆಶೀರ್ವಾದ.

ಚಳ್ಳಕೆರೆಯ ನಿಮ್ಮ ಕ್ರೀಡಾ ಹಾಸ್ಟೆಲಿನಲ್ಲಿ ಫೋನಿಗೆ ಅಪ್ಪಣೆಯಿಲ್ಲವಾದ್ದರಿಂದ ಈ ಐತಿಹಾಸಿಕ ಪತ್ರ. ಜೋಪಾನವಾಗಿಡು. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಅಶೋಕನಿಗೆ ಶಾಸನ ಕೊರೆಸಲು ಬಂಡೆ ಸಿಕ್ಕಿತ್ತು, ನನಗೆ ಇನ್‌ಲ್ಯಾಂಡ್ ಕಾಗದ ಸಿಕ್ಕಿದೆ.

ನೀನು ಗೆದ್ದ ಸುದ್ದಿ ಬಂದೊಡನೆ ಅಪ್ಪ ಮಗ್ಗ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ, ‘ನಂಗೆ ಮೊದ್ಲೇ ಗೊತ್ತಿತ್ತು’ ಎಂದರು. ಎಷ್ಟು ಗೊತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ.

ನೀನು ಮರೆತಿರಲಾರೆ, ಆದರೂ ದಾಖಲೆಗಾಗಿ ಬರೆಯುತ್ತೇನೆ. ಹಾಸ್ಟೆಲಿನ ಅರ್ಜಿಗೆ ಸಹಿ ಹಾಕುವ ಮುಂಚೆ, ಮಗಳ ರಕ್ತದಲ್ಲಿ ಓಟ ಇದೆಯೋ ಇಲ್ಲವೋ ನೋಡಬೇಕೆಂದು ಅಪ್ಪ ನಿನ್ನ ಉಗುಳನ್ನು ಬಾಟಲಿಗೆ ತುಂಬಿಸಿ ಜೀನ್ ಪರೀಕ್ಷೆಗೆ ಕಳಿಸಿದರು. ‘ದೂರದ ಓಟದ ಸಾಮರ್ಥ್ಯ: ಕಡಿಮೆ’ ಎಂದು ಬಣ್ಣದ ಕಾಗದ ಬಂತು. ‘ಮಗ್ಗದ ಮ್ಯಾಗಿನ ಜಕಾರ್ಡ್ ಕಾರ್ಡಿನಾಗೆ ತೂತು ಹೊಡೆದಂಗೆ ಸೆರಗಿನ ಚಿತ್ರ ಬರ್ತೈತೆ. ಕಾರ್ಡಿನಾಗೇ ಇಲ್ಲದ ನವಿಲನ್ನ ಎಲ್ಲಿಂದ ನೇಯ್ಲಿ?’ ಎಂದು ಅಪ್ಪ ಅರ್ಜಿಯನ್ನು ಅಟ್ಟಕ್ಕೆ ಎಸೆದರು. ನೀನು ಗೋಡೆ ಕಡೆ ತಿರುಗಿ ಕೂತೆ. ಊಟಕ್ಕೂ ಏಳಲಿಲ್ಲ.

ಆಗ ನಾನು ಸಭೆಯ ನಡುವೆ ಎದ್ದು ತಪ್ಪೊಪ್ಪಿಕೊಂಡೆ: ಬಾಟಲಿಯಲ್ಲಿದ್ದದ್ದು ನನ್ನ ಉಗುಳು, ತಮಾಷೆಗೆ ಬದಲಾಯಿಸಿದ್ದೆ. ಅಜ್ಜಿಯ ನಶ್ಯದ ಡಬ್ಬಿಗೆ ಮೆಣಸಿನಪುಡಿ ಬೆರೆಸಿದ ಮಹಾಪುರುಷ ನಾನು. ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಅಪ್ಪ ಎಸೆದ ಲಾಳಿ ಕಿವಿಯ ಪಕ್ಕದಲ್ಲೇ ಹಾರಿತು. ‘ಆಯ್ತು, ಅವಳದ್ದನ್ನ ಇನ್ನೊಂದ್ಸಲ ಕಳ್ಸಾನ’ ಎಂದರು. ಅದಕ್ಕೆ ಎರ್ರಮ್ಮಜ್ಜಿ ಅಪ್ಪನ ಕಡೆ ತಿರುಗಿ, ‘ಒರೇ ಸೂರಪ್ಪಾ, ಜಕಾರ್ಡ್ ಬರಾಕೆ ಮುಂಚೆ ಒಂದೊಂದೇ ಎಳೆ ಕೈಯಾಗೆ ಎತ್ತಿ ನೇಯ್ದೆನಲ್ಲ, ಆ ನವಿಲೆಲ್ಲ ಕಾಗೆ ಆಗಿದ್ವೇನೋ?’ ಎಂದಳು. ಅಪ್ಪ ಅಟ್ಟ ಹತ್ತಿ, ಅರ್ಜಿ ಹುಡುಕಿ ಸಹಿ ಹಾಕಿದರು.

ಅಂದಿನಿಂದ ಊರಿನ ವಿಜ್ಞಾನಪ್ರೇಮ ಹೆಚ್ಚಿದೆ. ನಮ್ಮ ಕಬಡ್ಡಿ ತಂಡದ ಕ್ಯಾಪ್ಟನ್ ದುರುಗೇಶ್ ನನ್ನನ್ನು ಅಂಕಣಕ್ಕೇ ಇಳಿಸುವುದಿಲ್ಲ. ‘ಲೇ ನಾಗ, ನಿನ್ನ ರಿಪೋರ್ಟೇ ಹೇಳೈತೆ, ಬಟ್ಟೆ ಕಾಯ್ಕಂಡು ಕುಂತ್ಕ’ ಅನ್ನುತ್ತಾನೆ. ಏಳು ಜನರ ಪ್ಯಾಂಟು, ಏಳು ಜೊತೆ ಚಪ್ಪಲಿ. ಘನತೆಯಿಂದ ಕಾಯುತ್ತಿದ್ದೇನೆ.

ಮುಂದಿನ ತಿಂಗಳು ರಾಜ್ಯ ಮಟ್ಟದ ಓಟವಂತೆ. ಹಿಂದೆ ತಿರುಗಿ ನೋಡಬೇಡ, ಅಲ್ಲಿ ನೋಡುವಂಥವರು ಯಾರೂ ಇರುವುದಿಲ್ಲ.

ಇಂತಿ,
ಓಡಲಾರದವನೆಂದು ಊರೇ ಒಪ್ಪಿಕೊಂಡ ನಿನ್ನ ಅಣ್ಣ,
ನಾಗಾರ್ಜುನ

ತಾ.ಕ.: ನಾನು ಬಾಟಲಿ ಬದಲಾಯಿಸಿರಲಿಲ್ಲ, ಚೆಲ್ಲಿ. ಅದರಲ್ಲಿದ್ದದ್ದು ನಿನ್ನದೇ ಉಗುಳು, ‘ಕಡಿಮೆ’ ಎಂದ ಆ ಬಣ್ಣದ ಕಾಗದವೂ ನಿನ್ನದೇ. ನೀನು ಗೆಲ್ಲುವ ತನಕ ಹೇಳಬಾರದೆಂದು ಸುಮ್ಮನಿದ್ದೆ. ಪತ್ರವನ್ನು ಜೋಪಾನವಾಗಿಡು ಎಂದದ್ದನ್ನು ಹಿಂಪಡೆದಿದ್ದೇನೆ, ಹರಿದು ಹಾಕು. ಅಪ್ಪನ ಲಾಳಿ ಎರಡನೇ ಸಲ ಗುರಿ ತಪ್ಪುವುದಿಲ್ಲ.